ಮುಂದೆ ಯಾರೋ ಇದ್ದಾರೆ

ನಾನು ಒಂದು ಕಾರು. ಹಾಗೆಂದರೆ ಬ್ಯಾಡಗಿಯವರು ಒಪ್ಪುವುದಿಲ್ಲ, "ಅದು ಕಾರಲ್ಲೋ, ಆನಿ" ಅನ್ನುತ್ತಾರೆ. ಏಳು ಜನ ಆರಾಮಾಗಿ ಕೂರುವ, ಏರು ಹತ್ತುವಾಗಲೂ ಏದುಸಿರು ಬಿಡದ, ಕಪ್ಪು ಬಣ್ಣದ ದೊಡ್ಡ ಎಸ್‌ಯುವಿ ನಾನು. ಹುಟ್ಟಿದ ಕಾರ್ಖಾನೆಯಲ್ಲಿ ನನ್ನನ್ನು ಎತ್ತಿ ಆಡಿಸಿದ್ದು ಕಬ್ಬಿಣದ ಕೈಗಳು. ಕೊನೆಗೆ ನನ್ನ ಮೂತಿಯ ನಡುವೆ ಒಂದು ಕ್ಯಾಮೆರಾ ಕಣ್ಣು ಇಟ್ಟು, ಅಕ್ಕಪಕ್ಕ ಅಂಗಿ ಗುಂಡಿಯಂಥ ಸೆನ್ಸರುಗಳನ್ನು ಕೂರಿಸಿದರು. ಮುಂದೆ ಯಾರಾದರೂ ತೀರ ಹತ್ತಿರ ಬಂದರೆ ಕುಂಯ್ ಕುಂಯ್ ಎಂದು ಕೂಗಬೇಕು. ನನಗೆ ಬರುವ ಮಾತು ಅದೊಂದೇ.

ನನ್ನನ್ನು ಕೊಂಡವನು ಮೆಣಸಿನಕಾಯಿ ದಲಾಲಿ ಚನ್ನವೀರಪ್ಪ. ಮೊದಲ ದಿನ ಸೀಟೇರಿ ಕೂತು ಗುಂಡಿ ಒತ್ತಿದಾಗ ನಾನು ಒಮ್ಮೆ ಗುರುಗುಟ್ಟಿದೆ. ಅವನ ಮೈಮೇಲಿನ ಕೂದಲು ನಿಮಿರಿದವು. ಅಷ್ಟು ಎತ್ತರದಲ್ಲಿ ಅವನು ಹಿಂದೆಂದೂ ಕೂತಿರಲಿಲ್ಲ.

"ಯವ್ವಾ, ಇಲ್ಲಿ ಕುಂತ್ರ ಊರೆಲ್ಲ ಸಣ್ಣದಾಗಿ ಕಾಣ್ತೈತಿ" ಎಂದ.

ಅವನ ತಾಯಿ ಫಕ್ಕೀರವ್ವ ನನ್ನ ಮುಂದೆಯೇ ನಿಂತಿದ್ದಳು. ಬಾಗಿದ ಬೆನ್ನಿನ ಮುದುಕಿ, ನನ್ನ ಬಾನೆಟ್ಟಿನಷ್ಟೂ ಎತ್ತರವಿಲ್ಲ.

"ನಾ ಕಾಣ್ತೀನೇನಪಾ?"

"ನೀ ಕಾಣೂದಿಲ್ಲ ಬಿಡು" ಎಂದು ಚನ್ನವೀರಪ್ಪ ನಕ್ಕ. ಅವಳೂ ನಕ್ಕಳು. ನನಗೆ ಮಾತ್ರ ಯಾಕೋ ಸರಿ ಅನ್ನಿಸಲಿಲ್ಲ.

ಪೂಜೆ ಜೋರಾಗಿಯೇ ನಡೆಯಿತು. ಅವನ ಹೆಂಡತಿ ಸುವರ್ಣಾ ನನ್ನ ಹಣೆ ಎಲ್ಲಿದೆ ಎಂದು ಹುಡುಕಿ, ಸರಿಯಾಗಿ ಕಣ್ಣಿನ ಮೇಲೆಯೇ ಅರಿಶಿಣ ಮೆತ್ತಿ ಕುಂಕುಮ ಇಟ್ಟಳು. ಸೆನ್ಸರುಗಳ ಮೇಲೆ ಚೆಂಡುಹೂವಿನ ಮಾಲೆ ಬಿತ್ತು. ಪಾಪ, ಅವಳಿಗೇನು ಗೊತ್ತು. ನಾನು ಕೂಗಲು ಶುರು ಮಾಡಿದ್ದು ಆಗಿನಿಂದ.

ಮೋಟೆಬೆನ್ನೂರಿನ ದಾರಿಯಲ್ಲಿ ಮಟಮಟ ಮಧ್ಯಾಹ್ನ. ಮುಂದೆ ನರಪಿಳ್ಳೆ ಇಲ್ಲ. ನಾನು ಕೂಗಿದೆ. ಒಳಗಿನ ಪರದೆಯ ಮೇಲೆ ಕೆಂಪು ನೆರಳೊಂದು ಅಲುಗಿತು. ಚನ್ನವೀರಪ್ಪ ಬ್ರೇಕು ಒತ್ತಿ, ಇಳಿದು ನೋಡಿದ. ಯಾರೂ ಇಲ್ಲ. ಹತ್ತಿ ಕೂತ. ಮತ್ತೆ ಕೂಗಿದೆ. ಮನೆ ಮುಟ್ಟುವ ಹೊತ್ತಿಗೆ ಅವನ ಅಂಗಿ ಬೆವರಿನಲ್ಲಿ ತೊಯ್ದಿತ್ತು.

"ಮುಂದ ಯಾರೋ ನಿಂತಾರ ಯವ್ವಾ. ನನಗ ಕಾಣವಲ್ರು, ಗಾಡಿಗೆ ಕಾಣ್ತಾರ."

ಫಕ್ಕೀರವ್ವ ಮಗನ ಮಾತನ್ನು ನಂಬಿದಳು. ನನ್ನ ಬಂಪರಿಗೆ ಕರಿದಾರ ಕಟ್ಟಿಸಿದಳು, ನಿಂಬೆಹಣ್ಣು-ಮೆಣಸಿನಕಾಯಿ ಜೋತುಬಿಡಿಸಿದಳು, ಮರುವಾರ ಒಂದು ದೃಷ್ಟಿಗೊಂಬೆಯೂ ಬಂತು. ಎಲ್ಲವೂ ಸೆನ್ಸರುಗಳ ಮುಂದೆಯೇ. ರಕ್ಷೆ ಹೆಚ್ಚಿದಷ್ಟೂ ನನ್ನ ಕೂಗು ಹೆಚ್ಚಿತು. ಕೂಗು ಹೆಚ್ಚಿದಷ್ಟೂ ರಕ್ಷೆ ಹೆಚ್ಚಿತು.

"ಆ ಕುಂಕುಮ ಒಮ್ಮೆ ಒರೆಸಿ ನೋಡೂಣೇನ್ರಿ?" ಎಂದು ಸುವರ್ಣಾ ಕೇಳಿದಳು.

"ಪೂಜಿ ಮಾಡಿದ್ದನ್ನ ಕೈಯಾರ ಒರೆಸ್ತಾರೇನ? ಅದು ತಾನಾ ಹೋಗಬೇಕು" ಎಂದು ಗಂಡ ಬಾಯಿ ಮುಚ್ಚಿಸಿದ.

ಕೊನೆಗೆ ಅವನು ಶೋರೂಮಿಗೆ ಫೋನು ಹಚ್ಚಿ, ಆ ಸದ್ದು ನಿಲ್ಲಿಸುವುದು ಹೇಗೆಂದು ಕೇಳಿದ. ಏನು ಕಾರಣ ಎಂದು ಮಾತ್ರ ಹೇಳಲಿಲ್ಲ. ಪರದೆಯ ಮೇಲೆ ಎಲ್ಲೋ ಬೆರಳಿಟ್ಟ. ನನ್ನ ನಾಲಿಗೆ ಬಿದ್ದುಹೋಯಿತು.

ಮನೆಯವರು ನೆಮ್ಮದಿಯಾಗಿ ಉಂಡರು. ಫಕ್ಕೀರವ್ವನಿಗೆ ಮಾತ್ರ ನೆಮ್ಮದಿಯಿಲ್ಲ. ಸದ್ದು ನಿಂತರೆ, ನಿಂತವರು ಹೋಗುತ್ತಾರೆಯೇ? ಹಾಗಾಗಿ ದಿನಾ ಮುಂಜಾನೆ, ಮಗ ಹೊರಗೆ ಬರುವ ಮೊದಲು, ಅವಳು ನನ್ನ ಮುಂದೆ ಕುಕ್ಕುರುಗಾಲಲ್ಲಿ ಕೂತು ಗಾಲಿಯ ಕೆಳಗೆ ನಿಂಬೆಹಣ್ಣು ಇಡುತ್ತಿದ್ದಳು. "ನನ್ನ ಮಗ ಹೊಂಟಾನ. ಯಾರಿದ್ರೂ ಸ್ವಲ್ಪ ಸರೀರಿ" ಎಂದು ಕೈಮುಗಿಯುತ್ತಿದ್ದಳು. ಕುಂಕುಮದ ಒಳಗಿಂದ ಅವಳು ನನಗೆ ಕೆಂಪಗೆ, ಮಸುಕಾಗಿ ಕಾಣುತ್ತಿದ್ದಳು.

ಮಾರುಕಟ್ಟೆಗೆ ಮೆಣಸಿನಕಾಯಿ ಚೀಲಗಳ ಭಾರಿ ಆವಕ ಬಂದಿದ್ದ ದಿನ ಚನ್ನವೀರಪ್ಪ ಎಂದಿಗಿಂತ ಬೇಗ ಹೊರಬಿದ್ದ. ಫೋನಿನಲ್ಲಿ ಮಾತಾಡುತ್ತಲೇ ಹತ್ತಿದ. ಗುಂಡಿ ಒತ್ತಿದ. ಅವಳು ಇನ್ನೂ ಅಲ್ಲೇ ಕೂತಿದ್ದಳು. ಕಿವಿ ಮಂದ, ನನ್ನ ಗುರುಗುಟ್ಟುವಿಕೆ ಕೇಳಿಸಲಿಲ್ಲವೋ ಏನೋ. ನಾನು ನೋಡಿದೆ. ನನ್ನಷ್ಟು ಚೆನ್ನಾಗಿ ಇನ್ನಾರೂ ನೋಡಲಿಲ್ಲ. ಕೂಗಲು ಬಾಯಿರಲಿಲ್ಲ.

ಮೊದಲು ನಿಂಬೆಹಣ್ಣು ಒಡೆಯಿತು. ಹೊಸ್ತಿಲಲ್ಲಿ ಸುವರ್ಣಾ ಚೀರಿದ್ದು ಕೇಳಿ ಅವನು ನನ್ನನ್ನು ನಿಲ್ಲಿಸಿದ. ಅಷ್ಟರಲ್ಲಿ ತಡವಾಗಿತ್ತು.

ಠಾಣೆಯ ಅಂಗಳದಲ್ಲಿ ಕೆಲ ಕಾಲ ಬಿಸಿಲು ಕಾಯ್ದು ವಾಪಸು ಬಂದೆ. ಕೊಳ್ಳಲು ಬಂದವರು ಸುದ್ದಿ ಕೇಳಿ, ಚಹಾ ಕುಡಿದು, ಆಮೇಲೆ ತಿಳಿಸುತ್ತೇವೆ ಎಂದು ಹೋದರು. ಈಗ ಮೆಣಸಿನಕಾಯಿ ಗೋದಾಮಿನ ಹಿಂದೆ ನಿಂತಿದ್ದೇನೆ. ಮುಂಗಾರು ಬಂದು ಕಣ್ಣು ತೊಳೆದಿದೆ. ದಾರ, ಗೊಂಬೆ ಎಲ್ಲ ಕೊಳೆತು ಬಿದ್ದಿವೆ.

ಒಂದು ಮಧ್ಯಾಹ್ನ ಚನ್ನವೀರಪ್ಪ ಬಂದು ಸೀಟಿನಲ್ಲಿ ಕೂತ. ನಿಲ್ಲಿಸಿದ್ದ ಸದ್ದನ್ನು ಮತ್ತೆ ಹಚ್ಚಿದ. ಪರದೆಯನ್ನೇ ನೋಡುತ್ತಾ ಕೂತ. ಮುಂದೆ ಬರೀ ಬಯಲು.

"ಯವ್ವಾ, ನಿಂತಿದ್ರ ಒಮ್ಮೆ ಕೂಗಿಸು" ಎಂದ.

ನಾನು ಸುಮ್ಮನಿದ್ದೆ. ಮರುದಿನವೂ ಬಂದ, ಅದನ್ನೇ ಬೇಡಿದ. ಮೂರನೆಯ ಸಲ ಅವನ ತುಟಿಯಷ್ಟೇ ಅಲುಗಿತು.

ನಾನು ಕೂಗಿದೆ.

ಪರದೆ ಖಾಲಿಯಿತ್ತು. ಅವನು ಇಳಿದು ನೋಡಲಿಲ್ಲ. ಸ್ಟೀರಿಂಗಿನ ಮೇಲೆ ಹಣೆ ಇಟ್ಟು, "ಊಟಾ ಆತೇನ ಯವ್ವಾ?" ಎಂದು ಕೇಳಿದ.

ಕನಿಕರಕ್ಕೆ ಕೂಗಿದೆನೋ, ಕಂಡು ಕೂಗಿದೆನೋ, ನನಗೇ ತಿಳಿಯದು. ಈಗ ಅವನು ಮಾರುಕಟ್ಟೆ ಬಿಟ್ಟು ದಿನಾ ಇಲ್ಲಿಗೇ ಬರುತ್ತಾನೆ. ಸಾಕು, ಇನ್ನು ಸುಮ್ಮನಿರೋಣ ಎಂದು ನಾನು ದಿನಾ ಅಂದುಕೊಳ್ಳುತ್ತೇನೆ. ಆದರೂ ಕೂಗು ಬರುತ್ತದೆ.