ಸುಬ್ಬಿ ಏನು ತಿಂದಿತು?

ಸುಬ್ಬಿ ನಮ್ಮತ್ತೆಯ ಬೆಕ್ಕು. ನಮ್ಮ ಮನೆಯ ಬೆಕ್ಕು ಎಂದರೆ ಅತ್ತೆಗೆ ಕೋಪ ಬರುತ್ತದೆ. ಮಾವ ತೀರಿಕೊಂಡ ತಿಂಗಳಲ್ಲಿ ಎಲ್ಲಿಂದಲೋ ಬಂದು ಅವರ ಮಂಚದ ಮೇಲೆ ಮುದುಡಿ ಮಲಗಿದ ಬಿಳಿ ಮರಿ ಅದು. ಅವತ್ತಿನಿಂದ ಮಂಚವೂ ಅದರದೇ, ಅತ್ತೆಯೂ ಅದರವರೇ. ನಾನು ಈ ಮನೆಗೆ ಬಂದಾಗಿನಿಂದ ಒಂದು ದಿನವೂ "ಕಾಫಿ ಕುಡಿದ್ಯೇನೇ ಗೌರಿ" ಎಂದು ಕೇಳದ ಅತ್ತೆ ಮುನಿಯಕ್ಕ, ಸುಬ್ಬಿಯ ಹಾಲನ್ನು ಮಾತ್ರ ಬೆರಳಿಟ್ಟು ನೋಡಿ, ಆರಿಸಿ, ಹೊಸ್ತಿಲ ಪಕ್ಕದ ತಟ್ಟೆಗೆ ಹುಯ್ಯುತ್ತಿದ್ದರು. ಹೊಟ್ಟೆಕಿಚ್ಚೇ ಎಂದು ಕೇಳಿದರೆ, ಹೌದು. ಬೆಕ್ಕಿನ ಮೇಲೆ ಹೊಟ್ಟೆಕಿಚ್ಚು ಪಡುವ ಸೊಸೆ ಇಡೀ ಹೂಡಿ ಊರಿನಲ್ಲಿ ನಾನೊಬ್ಬಳೇ ಇರಬೇಕು.

ಆ ವಾರ ಹಾಲಿನ ತಟ್ಟೆಗೆ ಕೆಂಪಿರುವೆ ಮುತ್ತತೊಡಗಿದವು. ಸುಬ್ಬಿ ಮೂತಿ ಕಚ್ಚಿಸಿಕೊಂಡು ಹಾಲು ಬಿಟ್ಟು ಓಡಿತು. ಅತ್ತೆ ಅದನ್ನೇ ತಲೆಗೆ ಹಚ್ಚಿಕೊಂಡು ಓಡಾಡಿ, ಗುರುವಾರ ಸಂಜೆ ಏನೋ ಉಪಾಯ ಸಿಕ್ಕಿದವರಂತೆ ಶ್ಯಾಮಣ್ಣನ ಅಂಗಡಿಯಿಂದ ವಾಪಸಾದರು. "ನಾಳೆಯಿಂದ ಒಂದು ಇರುವೆ ಬಂದ್ರೆ ನನ್ನ ಕೇಳು" ಎಂದರು. ನಾನು ಏನೆಂದು ಕೇಳಲಿಲ್ಲ. ಅವರ ಉಪಾಯಗಳನ್ನೆಲ್ಲ ಕೇಳುತ್ತ ಕೂತರೆ ನನ್ನ ಹೊಲಿಗೆ ಮುಗಿಯುವುದಿಲ್ಲ.

ಅದೇ ಸಂಜೆ ಮಹಾನಂದಾಳ ಜೊತೆ ಜಗಳವೂ ಆಗಿತ್ತು. ಮಹಾನಂದಾ ನಮ್ಮ ಮೇಲಿನ ರೂಮಿನ ಬಾಡಿಗೆಯವಳು, ಯಾದಗಿರಿ ಕಡೆಯವಳು. ಅವಳು ಅಪಾರ್ಟ್‌ಮೆಂಟಿನಲ್ಲಿ ಕಸ ಗುಡಿಸುತ್ತಾಳೆ, ಗಂಡ ಬಸಲಿಂಗ ಕಟ್ಟಡದ ಕೆಲಸಕ್ಕೆ ಹೋಗುತ್ತಾನೆ. ಅವಳ ಜೋಳದ ಹಿಟ್ಟಿನ ಚೀಲವನ್ನು ಇಲಿ ಕಡಿದಿತ್ತೆಂದು ಮೆಟ್ಟಿಲ ಕೆಳಗೆ ಇಲಿ ಪಾಷಾಣದ ಬಿಲ್ಲೆ ಇಟ್ಟಿದ್ದಳು. ಸುಬ್ಬಿ ಓಡಾಡುವ ಜಾಗ ಎಂದು ಅತ್ತೆ ಕೂಗಾಡಿದ ಮೇಲೆ ತೆಗೆದೆ ಎಂದಳು. ತೆಗೆದದ್ದನ್ನು ನಮ್ಮಲ್ಲಿ ಯಾರೂ ನೋಡಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಗಂಡ ಮುನಿರಾಜು ತಾವು ಓಡಿಸುವ ಕ್ಯಾಬ್ ತೆಗೆದುಕೊಂಡು ಬೆಳ್ಳಂದೂರಿಗೆ ಹೊರಟುಹೋಗಿದ್ದರು. ಶುಕ್ರವಾರವೆಂದರೆ ಅತ್ತೆಯ ರಂಗೋಲಿ ದೊಡ್ಡದು. ಹೊಸ್ತಿಲಿಂದ ಗೇಟಿನವರೆಗೂ ತಾವರೆ, ದಳಗಳಿಗೆ ಗುಲಾಬಿ ಬಣ್ಣ. ನಾನು ಮಷೀನಿನ ಮುಂದೆ ಕೂತಿದ್ದೆ. ಸುಬ್ಬಿ ಒಳಗೆ ಬಂತು. ಕಿವಿ ಪಟಪಟನೆ ಅದುರುತ್ತಿತ್ತು. ಒಂದೊಂದೇ ಕಾಲನ್ನೆತ್ತಿ, ನೀರು ತುಳಿದ ಹಾಗೆ ಕೊಡವುತ್ತಿತ್ತು. ಬಾಯಿಂದ ಜೊಲ್ಲು ಇಳಿಯುತ್ತಿತ್ತು. ನಾನು ಕತ್ತರಿ ಕೆಳಗಿಡುವಷ್ಟರಲ್ಲಿ ಪಕ್ಕಕ್ಕೆ ಬಿದ್ದು ಇಡೀ ಮೈ ನಡುಗತೊಡಗಿತು. ಕಣ್ಣಿನ ಕರಿಗುಡ್ಡೆ ಅಗಲವಾಗಿ, ಕಣ್ಣೆಲ್ಲ ಕಪ್ಪೇ ಆಗಿತ್ತು.

"ಅಯ್ಯೋ ನನ್ ಕಂದಾ! ಯಾರೋ ಏನೋ ಆಕ್ಬುಟ್ರಲ್ಲಪ್ಪೋ!" ಅತ್ತೆಯ ಕೂಗಿಗೆ ಬೀದಿಯೇ ಬಂತು. ಉಪ್ಪುನೀರು ಕುಡಿಸಿ ಎಂದರು ಒಬ್ಬರು, ಎಳನೀರು ಎಂದರು ಇನ್ನೊಬ್ಬರು. ಅತ್ತೆ ಆಗಲೇ ಹುಣಸೆಹಣ್ಣು ಕಿವುಚಿ, ಲೋಟ ಹಿಡಿದು ಬಂದಿದ್ದರು. ನಾನು ಗರುಡಾಚಾರ್‌ಪಾಳ್ಯದ ಪ್ರಾಣಿಗಳ ಡಾಕ್ಟರಿಗೆ ಫೋನು ಹಚ್ಚಿದೆ.

"ಬಾಯಿಗೆ ಏನೂ ಹುಯ್ಬೇಡಿ ಮೇಡಂ. ನೀರೂ ಬೇಡ, ಹಾಲೂ ಬೇಡ, ವಾಂತಿ ಮಾಡ್ಸೋದೂ ಬೇಡ. ಇಷ್ಟು ನಡುಗ್ತಿದ್ರೆ ನುಂಗಕ್ಕಾಗಲ್ಲ, ಶ್ವಾಸಕೋಶಕ್ಕೆ ಹೋಗ್ಬಿಡುತ್ತೆ. ಟವೆಲ್‌ನಲ್ಲಿ ಸುತ್ಕೊಂಡು ಈಗ್ಲೇ ಬನ್ನಿ. ಏನ್ ತಿಂದಿದೆ ಅಂತ ಅನುಮಾನ ಇದ್ರೆ ಆ ಪ್ಯಾಕೆಟ್ಟೂ ತನ್ನಿ."

ಪ್ಯಾಕೆಟ್ ಎಂದದ್ದೇ ತಡ, ಅತ್ತೆ ಲೋಟ ಬಿಸಾಕಿ ಮೆಟ್ಟಿಲ ಬುಡಕ್ಕೆ ಹೋಗಿ ನಿಂತರು. "ಲೇ ಮಾನಂದಾ! ಇಳಿಯೇ ಕೆಳಕ್ಕೆ! ಬಾಯಿಲ್ಲದ ಜೀವಕ್ಕೆ ಪಾಸಾಣ ಆಕಿದ್ಯಲ್ಲೇ, ನಿನ್ ಕೈ ಸೇದೋಗಾ! ಸಂಜೆ ಒಳಗೆ ರೂಮ್ ಖಾಲಿ ಮಾಡು!"

ಮಹಾನಂದಾ ಕೆಲಸಕ್ಕೆ ಹೊರಟು ನಿಂತಿದ್ದಳು. ಮುಖ ಬಿಳುಚಿಕೊಂಡಿತು. "ನಾ ನಿನ್ನೇನ ತಗದೀನ್ರಿ ಆಯಿ. ಬೆಕ್ಕ ಅದನ್ನ ಮುಟ್ಟಿಲ್ರಿ" ಎಂದಳು. ಒಳಗೆ ಹೋಗಿ ಪ್ಯಾಕೆಟ್ ತಂದಳು. ಬಾಯಿ ಹರಿದ ಪ್ಯಾಕೆಟ್ಟು. ಅದನ್ನು ನೋಡಿ ನನಗೂ ಮೈಯೆಲ್ಲ ಉರಿಯಿತು. ಆದರೆ ನಡುಗುವ ಬೆಕ್ಕನ್ನು ಒಬ್ಬಳೇ ಹಿಡಿಯುವುದು ನನ್ನಿಂದಾಗಲಿಲ್ಲ. ಅತ್ತೆ "ಅದು ಸಾಯೋದ ನಾ ನೋಡಾಕಿಲ್ಲ" ಎಂದು ಗೋಡೆಗೆ ಮುಖ ಹಾಕಿ ಕೂತುಬಿಟ್ಟರು. ಯಾರೂ ಕರೆಯದೆಯೇ ಮಹಾನಂದಾ ಆಟೋ ಹತ್ತಿ, ಸುಬ್ಬಿಯನ್ನು ಮಡಿಲಿಗೆ ಹಾಕಿಕೊಂಡಳು.

ಆ ಹೊತ್ತಿನ ಹೂಡಿ ಸಿಗ್ನಲ್ ಯಾರ ವೈರಿಗೂ ಬೇಡ. ಮೆಟ್ರೋ ಇಳಿದ ಐಡಿ ಕಾರ್ಡಿನವರು ರಸ್ತೆ ತುಂಬ, ಮುಂದೆ ಕಂಪನಿ ಬಸ್ಸು, ಹಿಂದೆ ನೀರಿನ ಟ್ಯಾಂಕರು. ಆಟೋ ಕದಲುತ್ತಿರಲಿಲ್ಲ, ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಡ್ರೈವರಣ್ಣನಿಗೆ ಒಳದಾರಿ ಹಿಡಿ ಎಂದೆ, ಒಳದಾರಿಯಲ್ಲಿ ಚರಂಡಿ ಅಗೆದಿದ್ದಾರೆ ಎಂದ. ಇಳಿದು ಓಡಲೇ ಎಂದು ಒಂದು ಕಾಲು ಹೊರಗಿಟ್ಟೆ, ಮತ್ತೆ ಒಳಗೆಳೆದುಕೊಂಡೆ. ಸುಬ್ಬಿ ಬಿಗಿದುಕೊಂಡಾಗಲೆಲ್ಲ ಅದರ ಉಗುರು ಟವೆಲನ್ನೂ ಸೀರೆಯನ್ನೂ ದಾಟಿ ಮಹಾನಂದಾಳ ತೊಡೆಗೆ ಚುಚ್ಚುತ್ತಿತ್ತು. ಅವಳು ಹಲ್ಲು ಕಚ್ಚಿಕೊಂಡು ಕೂತಿದ್ದಳು.

"ಇಷ್ಟು ಅಕ್ಕರೆ ಇರೋಳು ಬಿಲ್ಲೆ ಇಡೋ ಮುಂಚೆ ಯೋಚ್ನೆ ಮಾಡ್ಬೇಕಿತ್ತು" ಎಂದೆ. ನಾಲಿಗೆ ತಡೆಯಲಿಲ್ಲ.

"ಹಂಗನಬ್ಯಾಡ್ರಿ ಅಕ್ಕಾ" ಎಂದಳು, ತಲೆಯೆತ್ತದೆ. ಬೆಕ್ಕಿನ ಬಾಯಿಯ ಜೊಲ್ಲನ್ನು ಸೆರಗಿನಿಂದ ಒರೆಸಿದಳು.

ಡಾಕ್ಟರ್ ಹರ್ಷವರ್ಧನ್ ಎಳೆಯ ವಯಸ್ಸಿನವರು. ಸುಬ್ಬಿಯನ್ನು ಮೇಜಿನ ಮೇಲೆ ಮಲಗಿಸಿ, ಮೊದಲು ನಡುಕ ನಿಲ್ಲಲು ಇಂಜೆಕ್ಷನ್ ಕೊಟ್ಟರು. ಆಮೇಲೆ ತುಟಿ ಎತ್ತಿ ಒಸಡು ನೋಡಿದರು. ಮಹಾನಂದಾ ಕೊಟ್ಟ ಪ್ಯಾಕೆಟ್ ಓದಿ ಪಕ್ಕಕ್ಕಿಟ್ಟರು.

"ಇದಲ್ಲ ಮೇಡಂ. ಈ ಮದ್ದು ತಿಂದ್ರೆ ಒಳಗೊಳಗೇ ರಕ್ತ ಸೋರುತ್ತೆ, ಅದೂ ಕೆಲವು ದಿನ ಆದ್ಮೇಲೆ ಗೊತ್ತಾಗೋದು. ಸುಸ್ತಾಗುತ್ತೆ, ಒಸಡು ಬಿಳುಪಾಗುತ್ತೆ. ಇದರ ಒಸಡು ಚೆನ್ನಾಗೇ ಇದೆ. ಈ ನಡುಕ ಬೇರೆ. ಚಿಗಟದ ಔಷಧಿ, ಜಿರಳೆ ಸ್ಪ್ರೇ, ಏನಾದ್ರೂ ಹೊಡೆದ್ರಾ?"

"ಇಲ್ಲ ಸಾರ್."

ಅವರು ಮುಂಗಾಲನ್ನೆತ್ತಿ ಬೆರಳುಗಳ ಸಂದಿ ಬಿಡಿಸಿದರು. ಬಿಳಿ ಕೂದಲ ನಡುವೆ ಗುಲಾಬಿ ಬಣ್ಣದ ಪುಡಿ ಮೆತ್ತಿಕೊಂಡಿತ್ತು. ನಾಲಿಗೆಯ ಅಂಚಿನಲ್ಲೂ ಅದೇ ಗುಲಾಬಿ.

"ಇದೇನು?"

"ರಂಗೋಲಿ ಸಾರ್. ನಮ್ಮತ್ತೆ ಹಾಕಿದ್ದು."

"ರಂಗೋಲಿ ಜೊತೆ ಇನ್ನೇನಿದೆ?" ಮೂಸಿ ನೋಡಿ, ಮುಖ ಹಿಂದೆಳೆದುಕೊಂಡರು. ಆಗ ಗುರುವಾರ ಸಂಜೆ ಅತ್ತೆ ಹೇಳಿದ ಮಾತು ನೆನಪಾಯಿತು. ನಾಳೆಯಿಂದ ಒಂದು ಇರುವೆ ಬಂದ್ರೆ ನನ್ನ ಕೇಳು.

ಫೋನು ಮಾಡಿದೆ. ಮೊದಲ ರಿಂಗಿಗೇ ಎತ್ತಿದರು. "ಉಳ್ಕಂತಾ?"

"ಅತ್ತೆ, ರಂಗೋಲಿ ಪುಡಿಗೆ ಏನ್ ಬೆರ್ಸಿದ್ರಿ?"

"ಅದ್ಯಾಕೆ ಈಗ? ಇರುವೆ ಪುಡಿ ಕಣೆ, ಎರಡು ಇಡಿ ಆಕ್ದೆ. ತಟ್ಟೆ ತಾವ ಬರ್ಬಾರ್ದು ಅಂತ ಒಸ್ಲಿಂದ ಗೇಟ್‌ಗಂಟ…" ಮಾತು ಅಲ್ಲಿಗೆ ನಿಂತಿತು. ಸುಬ್ಬಿ ದಿನಾ ಬೆಳಿಗ್ಗೆ ಅತ್ತೆಯ ರಂಗೋಲಿ ತುಳಿದುಕೊಂಡೇ ಹಾಲಿಗೆ ಬರುತ್ತದೆ, ಕುಡಿದಾದ ಮೇಲೆ ಕೂತು ನಾಲ್ಕೂ ಪಾದ ನೆಕ್ಕಿಕೊಳ್ಳುತ್ತದೆ. ಅದು ಅತ್ತೆಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಆ ಡಬ್ಬ ಶ್ಯಾಮಣ್ಣನ ಹತ್ರ ಕೊಟ್ಟು, ಮೇಲೆ ಬರೆದಿರೋದನ್ನ ಓದಿಸಿ ಅತ್ತೆ" ಎಂದೆ. ಶ್ಯಾಮಣ್ಣ ತಡವರಿಸುತ್ತ ಓದಿದ ಹೆಸರನ್ನು ಫೋನಿನ ಸ್ಪೀಕರಿನಲ್ಲಿ ಕೇಳಿ ಡಾಕ್ಟರ್ ತಲೆಯಾಡಿಸಿದರು.

"ನಾಯಿ ಆದ್ರೆ ಸ್ವಲ್ಪ ತಡ್ಕೊಳ್ಳುತ್ತೆ. ಬೆಕ್ಕಿನ ಲಿವರ್‌ಗೆ ಈ ಜಾತಿ ಮದ್ದು ಅರಗ್ಸೋ ಶಕ್ತೀನೇ ಇಲ್ಲ. ಮೊದಲು ತೊಳೀಬೇಕು, ಇಲ್ದಿದ್ರೆ ಮತ್ತೆ ನೆಕ್ಕುತ್ತೆ. ನೀರು ಬಿಸಿ ಬೇಡ, ಉಗುರುಬೆಚ್ಚಗಿರ್ಲಿ. ಯಾರು ಹಿಡ್ಕೋತೀರಾ?"

ಮಹಾನಂದಾ ಹಿಡಿದುಕೊಂಡಳು. ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಪಾದ, ಹೊಟ್ಟೆ, ಬಾಲ ಎಲ್ಲವನ್ನೂ ತೊಳೆದೆವು. ಬೇಸಿನ್ನಿನಲ್ಲಿ ಇಳಿದ ನೀರು ಗುಲಾಬಿಯಾಗಿತ್ತು. ಒರೆಸಿ, ಬೆಚ್ಚಗೆ ಸುತ್ತಿ, ಗ್ಲೂಕೋಸ್ ಹಚ್ಚಿದರು. "ನಾಳೆವರೆಗೂ ಏನೂ ಹೇಳಕ್ಕಾಗಲ್ಲ" ಎಂದರು ಡಾಕ್ಟರು. ಮಹಾನಂದಾಳ ಫೋನು ಮತ್ತೆ ಮತ್ತೆ ಹೊಡೆದುಕೊಳ್ಳುತ್ತಿತ್ತು, ಸೂಪರ್‌ವೈಸರ್ ಇರಬೇಕು. ಅವಳು ಎತ್ತಲಿಲ್ಲ. ನನಗೆ ಅವಳ ಮುಖ ನೋಡಲು ನಾಚಿಕೆಯಾಯಿತು. ತಪ್ಪಾಯ್ತು ಎಂದೆ. ಅವಳು, "ಇರ್ಲಿ ಬಿಡ್ರಿ ಅಕ್ಕಾ, ಅದು ಉಳೀಲಿ" ಎಂದಳು.

ಅತ್ತೆ ಶ್ಯಾಮಣ್ಣನ ಸ್ಕೂಟರಿನಲ್ಲಿ ಬಂದರು. ಕಾಲಲ್ಲಿ ಚಪ್ಪಲಿ ಇರಲಿಲ್ಲ, ಸೀರೆಯ ಅಂಚು ಮೊಣಕಾಲಿನವರೆಗೆ ತೊಯ್ದಿತ್ತು. ಇಡೀ ಅಂಗಳಕ್ಕೆ ಕೊಡಗಟ್ಟಲೆ ನೀರು ಸುರಿದು, ರಂಗೋಲಿಯನ್ನು ಉಜ್ಜಿ ಉಜ್ಜಿ ತೊಳೆದು ಬಂದಿದ್ದರಂತೆ. ಒಳಗೆ ಬಾರದೆ ಬಾಗಿಲಲ್ಲೇ ನಿಂತರು. "ಕೈಯಾರೆ ನಾನೇ ಆಕ್ದೆ ಗೌರಿ" ಎಂದರು. ಅಳಲಿಲ್ಲ. ಅತ್ತೆ ಅತ್ತಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಮರುದಿನ ಸಂಜೆಗೆ ನಡುಕ ನಿಂತಿತು. ಭಾನುವಾರ ಸುಬ್ಬಿಯನ್ನು ಮನೆಗೆ ಕರೆತಂದೆವು. ಸೋತು ಸುಣ್ಣವಾಗಿತ್ತು, ಆದರೂ ನನ್ನನ್ನು ನೋಡಿ ಮೊದಲಿನಷ್ಟೇ ತಾತ್ಸಾರದಿಂದ ಮುಖ ತಿರುಗಿಸಿತು. ಮೇಲಿನ ರೂಮಿನಲ್ಲಿ ಪಾತ್ರೆಗಳ ಸದ್ದು ಕೇಳುತ್ತಿತ್ತು. ಹೋಗಿ ನೋಡಿದರೆ ಮಹಾನಂದಾ ಗಂಟು ಕಟ್ಟುತ್ತಿದ್ದಾಳೆ. ಬಸಲಿಂಗ ನಲ್ಲೂರಹಳ್ಳಿಯಲ್ಲಿ ಬೇರೆ ರೂಮು ನೋಡಿ ಬಂದಿದ್ದನಂತೆ. ಖಾಲಿ ಮಾಡು ಎಂದವರು ಇರು ಎಂದಿರಲಿಲ್ಲವಲ್ಲ! ಈ ಗಡಿಬಿಡಿಯಲ್ಲಿ ನನಗೂ ಅದು ಹೊಳೆದಿರಲಿಲ್ಲ.

ನಾನು ಬಾಯಿ ತೆರೆಯುವ ಮೊದಲೇ ಹಿಂದೆ ಏದುಸಿರು ಕೇಳಿಸಿತು. ಮಂಡಿನೋವೆಂದು ಮೆಟ್ಟಿಲು ಹತ್ತುವುದನ್ನೇ ಬಿಟ್ಟಿದ್ದ ಅತ್ತೆ, ಸುಬ್ಬಿಯನ್ನು ಎದೆಗವಚಿಕೊಂಡು ಹತ್ತಿ ಬಂದಿದ್ದರು. ಕ್ಷಮಿಸು ಎಂಬ ಮಾತು ಅವರ ಬಾಯಲ್ಲಿ ಬರುವುದಿಲ್ಲ, ನನಗೆ ಗೊತ್ತು. ಗಂಟಿನ ಪಕ್ಕ ಕೂತು ಬೆಕ್ಕನ್ನು ಮಹಾನಂದಾಳ ಮಡಿಲಿಗೆ ಹಾಕಿದರು. "ಇಡ್ಕವ್ವ. ನನ್ ಕೈಗಿಂತ ನಿನ್ ಕೈಯೇ ವಾಸಿ ಇದಕ್ಕೆ" ಎಂದರು. ಮಹಾನಂದಾ ಸುಬ್ಬಿಯ ಪಾದಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಳು. ಆಮೇಲೆ ಬಸಲಿಂಗನ ಕಡೆ ನೋಡಿ, ಗಂಟು ಬಿಚ್ಚು ಎಂದು ಸನ್ನೆ ಮಾಡಿದಳು.

ಮುಂದಿನ ಶುಕ್ರವಾರ ಬೆಳಿಗ್ಗೆ ಅತ್ತೆ ಅಂಗಳ ಸಾರಿಸಿ ಸುಮ್ಮನೆ ಒಳಗೆ ಬಂದರು. ನಮ್ಮ ಬಾಗಿಲು ಬೋಳಾಗಿತ್ತು. ನಮ್ಮ ಕಡೆ ರಂಗೋಲಿಯಿಲ್ಲದ ಹೊಸ್ತಿಲೆಂದರೆ ಒಳಗೆ ಸಾವಾಗಿದೆ ಎಂದೇ ಅರ್ಥ. ಸ್ವಲ್ಪ ಹೊತ್ತಿಗೆ ಹಿಂದಿನ ಬೀದಿಯ ಚಿನ್ನಪ್ಪ ಗಾಬರಿಯಿಂದ ಗೇಟಿನ ಹೊರಗೇ ನಿಂತು, "ಅಕ್ಕಾ, ಯಾರು ಓಗ್ಬುಟ್ರು?" ಎಂದು ಕೇಳಿದರು.

ಅತ್ತೆ ಹಾಲಿನಲ್ಲಿ ಬೆರಳಿಟ್ಟು ನೋಡುತ್ತಿದ್ದರು. ಸುಬ್ಬಿ ತೊಳೆದ ನೆಲದ ಮೇಲೆ ನಿಧಾನವಾಗಿ ನಡೆದು ಬಂದು, ತಟ್ಟೆಯ ಮುಂದೆ ಕೂತು, ಮುಂಗಾಲು ನೆಕ್ಕಿಕೊಳ್ಳತೊಡಗಿತು.

"ಯಾರೂ ಓಗಿಲ್ಲ ಚಿನ್ನಪ್ಪ" ಎಂದರು ಅತ್ತೆ. "ಯಾರೂ ಓಗ್ಬಾರ್ದು ಅಂತಾನೇ ಆಕಿಲ್ಲ."