ಪರದೆಯ ಅಂಚಿನ ನೂಲು

ನಾಲ್ಕು ಗಂಟೆಗೆ ಪ್ರದರ್ಶನದ ಬಾಗಿಲು ತೆರೆಯಬೇಕು. ಮೂರೂವರೆಗೆ ಒಳಗೆ ಕಾಲಿಟ್ಟ ಚಿತ್ರಗಾರ್ತಿ ಅಲ್ಲೇ ನಿಂತುಬಿಟ್ಟಳು. ಬಣ್ಣ ಸತ್ತುಹೋಗಿತ್ತು!

ಒಂದರಲ್ಲಲ್ಲ, ಏಳು ಚಿತ್ರಗಳಲ್ಲೂ. ಮೊದಲನೆಯದು ಕಲ್ಲಿನ ಮೇಲಿನ ಪಾಚಿ, ಕೊನೆಯದು ಆಗತಾನೆ ಹುಟ್ಟುತ್ತಿರುವ ನಕ್ಷತ್ರ. ಎರಡನ್ನೂ ಒಂದೇ ಬಳ್ಳಿಯಂತೆ ಬೆಸೆದದ್ದು, ಅವಳು ಮೂರು ವರ್ಷ ಅರೆದು, ಬೆರೆಸಿ, ಚೆಲ್ಲಿ ಕಂಡುಕೊಂಡ ಹೊಸ ಬಣ್ಣ. ಹಸಿರು ಎನ್ನುವಷ್ಟರಲ್ಲಿ ನೇರಳೆಗೆ ಜಾರಿಕೊಳ್ಳುವ ಆ ಬಣ್ಣ ನಿನ್ನೆ ಇದೇ ಗೋಡೆಯ ಮೇಲೆ ಉಸಿರಾಡುತ್ತಿತ್ತು. ಇಂದು ಹಳದಿ ದೀಪಗಳ ಕೆಳಗೆ ಪಾತ್ರೆ ತೊಳೆದ ನೀರಿನಂತಿತ್ತು.

ಕಾರಣ ಅವಳಿಗೆ ಕೂಡಲೇ ಹೊಳೆಯಿತು. ಕಿಟಕಿಗಳ ಹಗಲ ಬೆಳಕನ್ನೆಲ್ಲ ದಪ್ಪನೆಯ ಕಪ್ಪು ಪರದೆಗಳು ನುಂಗಿದ್ದವು. ಆದರೆ ಹೇಳುವುದು ಹೇಗೆ? ಬೆಳಕಿಗೆ ಚಿತ್ರ ಮಾಸದಿರಲೆಂದು ಅವನ್ನು ಹೊಲಿದವನು ಅವಳ ಗಂಡ, ದರ್ಜಿ. ಹತ್ತೊಂಬತ್ತು ದಿನ ಗಿರಾಕಿಗಳನ್ನು "ನಾಳೆ ಬನ್ನಿ" ಎಂದು ಸಾಗಹಾಕಿ, ಅವಳಿಗೂ ತೋರಿಸದೆ ಹೊಲಿದು, ಬೆಳಿಗ್ಗೆ ತಾನೇ ಏಣಿ ಹತ್ತಿ, ಜಾರದಂತೆ ಕಂಬಿಗೇ ಹೊಲಿಗೆ ಹಾಕಿದ್ದ.

"ಹೇಗಿದೆಯೇ?" ಏಣಿಯ ಪಕ್ಕ ನಿಂತಿದ್ದ ಅವನು ಕೇಳಿದ.

"ಚೆನ್ನಾಗಿದೆ ರೀ."

"ಅಳತೆ ತಪ್ಪಿದ ಅಂಗಿ ಹಾಕ್ಕೊಂಡ ಗಿರಾಕಿನೂ ಹೀಗೇ ಹೇಳೋದು. ಆಮೇಲೆ ಅಂಗಡಿ ಕಡೆ ತಲೆ ಹಾಕಲ್ಲ."

"ಸುಸ್ತು ಕಣ್ರೀ, ಅಷ್ಟೇ."

"ಅಂಚು ನೋಡು ಮಾರಾಯ್ತಿ, ಸುಸ್ತೆಲ್ಲ ಹೋಗುತ್ತೆ. ನಿನ್ನ ಬಣ್ಣದಲ್ಲೇ ನೂಲು ಅದ್ದಿ, ಒಣಗಿಸಿ..."

ಮಂಡಿಯೂರಿ ಅಂಚನ್ನು ಎತ್ತಿ ಹಿಡಿದವನ ಮಾತು ಅಲ್ಲೇ ನಿಂತಿತು. ನೂಲು ಕೆಸರಿನ ಬಣ್ಣಕ್ಕಿತ್ತು. ಅವನು ಚಿತ್ರಗಳತ್ತ ನೋಡಿದ, ಮತ್ತೆ ನೂಲಿನತ್ತ. ದೀಪದ ಕೆಳಗೆ ನೂಲಿನ ಬಣ್ಣವನ್ನು ಎಂದೂ ನಂಬಿದವನಲ್ಲ. ಗಿರಾಕಿ ಎಷ್ಟೇ ಅವಸರಿಸಿದರೂ ಬಟ್ಟೆ ಹಿಡಿದು ಅಂಗಡಿಯ ಹೊಸ್ತಿಲಿಗೆ, ಹಗಲ ಬೆಳಕಿಗೆ ಬರುವವನು. ಜೇಬಿನಲ್ಲಿದ್ದ ಅದೇ ನೂಲಿನ ಉಂಡೆ ತೆಗೆದುಕೊಂಡು ಹೊರಬಾಗಿಲಿಗೆ ನಡೆದ. ಅವಳು ಅತ್ತ ತಿರುಗಲಾರದೆ ತನ್ನ ಸತ್ತ ನಕ್ಷತ್ರವನ್ನೇ ನೋಡುತ್ತ ನಿಂತಳು.

ಹಿಂತಿರುಗಿದವನ ಕೈಯಲ್ಲಿ ಕತ್ತರಿಯಿತ್ತು.

"ಒಳಗೆ ಬರ್ತಿದ್ದ ಹಾಗೇ ಗೊತ್ತಾಯ್ತು ತಾನೆ ನಿಂಗೆ?"

"ಹತ್ತೊಂಬತ್ತು ದಿನ ಹೊಲಿದಿದ್ದೀರಿ..."

"ನಿಂದು ಮೂರು ವರ್ಷ ಕಣೇ! ಯಾವುದು ದೊಡ್ಡದು ಅಂತ ಗೊತ್ತಾಗಲ್ವಾ? ಏಣಿ ಹಿಡ್ಕೋ. ನಾನು ಹಾಕಿದ ಹೊಲಿಗೆ ಅಷ್ಟು ಸುಲಭಕ್ಕೆ ಬಿಚ್ಚಲ್ಲ, ಅದೊಂದು ಕರ್ಮ ಬೇರೆ."

ಮೊದಲ ಪರದೆ ಬಿತ್ತು. ಎರಡನೆಯದು. ಹೊರಗೆ ಹೆಜ್ಜೆಗಳು, ಮಾತು, ಯಾರದೋ ಕೆಮ್ಮು. ಕೊನೆಯ ಪರದೆ ಕಂಬಿಯನ್ನು ಬಿಡಲೊಲ್ಲದು. ಕತ್ತರಿ ಕಚಕಚ ಎಂದಿತು, ಬಾಗಿಲ ಚಿಲಕ ಅಲುಗಿತು. ಪರದೆ ಅವಳ ತಲೆಯ ಮೇಲೆಯೇ ಧೊಪ್ಪನೆ ಬಿತ್ತು.

ತಡಕಾಡಿ ಮುಖ ಹೊರಹಾಕಿದಳು. ಪಾಚಿಯಿಂದ ನಕ್ಷತ್ರದವರೆಗೂ ಬಣ್ಣ ಓಡಾಡುತ್ತಿತ್ತು. ಬಾಗಿಲಲ್ಲಿ ಜನ ಕತ್ತು ಚಾಚಿ ನಿಂತಿದ್ದರು.

ಏಣಿಯ ತುದಿಯಿಂದ ದರ್ಜಿ ಕೂಗಿದ: "ಬನ್ನಿ, ಬನ್ನಿ! ಬೆಳಕಿರೋವಾಗಲೇ ನೋಡ್ಬಿಡಿ. ಕತ್ತಲಾದ್ರೆ ನಾಳೆ ಬನ್ನಿ ಅಂತೀನಿ!"

ತಲೆಯ ಮೇಲಿನ ಪರದೆಯನ್ನು ಪೂರ್ತಿ ತೆಗೆಯುವುದನ್ನೂ ಮರೆತು, ಅವಳು ಏಣಿಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡಳು.