ಬೆನ್ನು ತೋರದ ನಡಿಗೆ

ಮೊದಲ ಹೆಂಡತಿ ತೀರಿಕೊಂಡ ಮೇಲೆ ದೊಡ್ಡಬಳ್ಳಾಪುರದ ಸೀರೆ ವ್ಯಾಪಾರಿ ತಾಜುದ್ದೀನ್ ಹೈದರಾಬಾದಿಗೆ ಮಾಲು ಕೊಂಡೊಯ್ದು, ಅನ್ವರ್ ಬೇಗಂ ಎಂಬ ಹೆಂಡತಿಯೊಡನೆ ಹಿಂದಿರುಗಿದರು. ಮೌಲ್ವಿಯೊಬ್ಬರ ಅನಾಥ ಮಗಳು ಎಂದರು. ಕೇರಿ ನಂಬಿತು. ಆಕೆ ನಮಾಜು ತಪ್ಪಿಸಲಿಲ್ಲ, ಕಿಟಕಿಯಲ್ಲಿ ಇಣುಕಲಿಲ್ಲ, ದನಿಯೆತ್ತಿ ನಗಲಿಲ್ಲ. ಇಷ್ಟು ದೋಷವಿಲ್ಲದ ಹೆಂಗಸು ಯಾವ ಮೌಲ್ವಿಯ ಮನೆಯಲ್ಲೂ ಹುಟ್ಟುವುದಿಲ್ಲವೆಂದು ಯಾರಿಗೂ ಹೊಳೆಯಲಿಲ್ಲ. ಹೈದರಾಬಾದಿನಲ್ಲಿ ಆಕೆಯ ಹೆಸರು ಕಮರ್ ಜಹಾನ್, ನವಾಬರ ಮಹಫಿಲುಗಳಲ್ಲಿ ಮುಜ್ರಾ ಕುಣಿಯುತ್ತಿದ್ದವಳು ಎಂಬುದು ಗಂಡನಿಗೆ ಮಾತ್ರ ಗೊತ್ತಿತ್ತು.

ಎರಡನೇ ಮಹಾಯುದ್ಧ ಮುಗಿದ ವರ್ಷ, ಅನ್ವರ್ ಬೇಗಂಳ ಮಲಮಗಳು ಜುಬೇದಾಳನ್ನು ತಮ್ಮ ಮೊಮ್ಮಗನಿಗೆ ನೋಡಲು ಹೊಸಕೋಟೆಯಿಂದ ಅಖ್ತರ್ ಬೇಗಂ ಬಂದರು. ಜೊತೆಗೆ ಸೊಸೆ. ಒಳ್ಳೆಯ ಮನೆತನ, ಮಲತಾಯಿಯ ಪೂರ್ವಕಥೆಯ ಒಂದೆಳೆ ಸಿಕ್ಕಿದರೂ ಎದ್ದು ಹೋಗುವಷ್ಟು ಒಳ್ಳೆಯದು.

ಹೆಂಗಸರ ಕೋಣೆಯಲ್ಲಿ ಸೊಸೆಯದೇ ಮಾತು. "ಬೆಂಗಳೂರಲ್ಲಿ ಟಾಕಿ ನೋಡ್ಕೊಂಡು ಬಂದೆ ಕಣ್ರೀ ಆಪಾ! ಮುಜ್ರಾ ಅಂದ್ರೆ ಅದು!" ಎಂದು ಸೆರಗು ಸಿಕ್ಕಿಸಿ ಎದ್ದವಳು ಎಲ್ಲರಿಗೂ ಬೆನ್ನು ತೋರಿಸಿ ಗಿರ್ರನೆ ಸುತ್ತಿ, ಪೀಕದಾನಿ ಉರುಳಿಸಿದಳು.

"ಸಾಕು ಕೂತ್ಕೊಳ್ಳೇ, ಬುಗುರಿ!" ಎಂದರು ಅಖ್ತರ್ ಬೇಗಂ.

"ನೀವು ಹೈದರಾಬಾದಿನೋರು, ಹೇಳಿ ಆಪಾ. ಹಿಂಗೇ ತಾನೆ?"

"ನಮ್ಮನೇಲಿ ಅದರ ಹೆಸರೂ ಎತ್ತುತಿರ್ಲಿಲ್ಲಮ್ಮ."

ಹಾಗೆಂದು ಅನ್ವರ್ ಬೇಗಂ ಎಲೆ ಅಡಿಕೆ ತಟ್ಟೆ ಇಟ್ಟು, ಬಾಗಿ, ಹೊರಟಳು. ಮುಖ ಅತಿಥಿಗಳ ಕಡೆಗೇ. ಹಿಂದೆ ನೋಡದೆ, ಹಿಂದಕ್ಕೇ ಹೆಜ್ಜೆಯಿಡುತ್ತ, ಉರುಳಿದ್ದ ಪೀಕದಾನಿಗೆ ಬೆರಳೂ ತಾಗದಂತೆ ಹೊಸ್ತಿಲು ದಾಟಿದಳು. ಕೂತ ಮಹಫಿಲಿಗೆ ಬೆನ್ನು ತೋರಬಾರದೆಂಬುದು ಮುಜ್ರಾದ ಮೊದಲ ಪಾಠ. ಹೆಸರು, ನಾಲಿಗೆ, ನಗು ಎಲ್ಲವನ್ನೂ ತಿದ್ದಿಕೊಂಡಿದ್ದಳು. ಕಾಲಿಗೆ ಮಾತ್ರ ಹೇಳುವುದು ಮರೆತಿತ್ತು.

ನೀರಿನ ನೆಪ ಮಾಡಿಕೊಂಡು ಅಖ್ತರ್ ಬೇಗಂ ಅಡುಗೆಮನೆಗೆ ಬಂದರು.

"ಎಲ್ಲಿ ಕಲ್ತೆ?"

"ಏನು, ಅಮ್ಮೀಜಾನ್?"

"ನಡಿಯೋದು." ಮುದುಕಿ ನೀರು ಕುಡಿದು ಲೋಟ ಇಟ್ಟರು. "ನಮ್ಮೆಜಮಾನರು ಮನೇಲಿ ಮುಜ್ರಾ ಕುಣಿಸಿದ್ದಕ್ಕೆ ಲೆಕ್ಕ ಇಲ್ಲ. ನಾವು ಹೆಂಗಸರು ಬಿದಿರಿನ ಪರದೆ ಹಿಂದೆ. ಕಡ್ಡಿ ಸಂದೀಲಿ ಒಂದ್ಸಲ ಕೈ ಕಾಣೋದು, ಒಂದ್ಸಲ ಮೂಗುಬಟ್ಟು. ನೆಟ್ಟಗೆ ಕಾಣ್ತಿದ್ದದ್ದು ಕುಣಿಯೋರು ವಾಪಸ್ ಹೋಗೋದೊಂದೇ. ಬಾಗಿಲು ನಮ್ ಪಕ್ಕಕ್ಕಿತ್ತು."

"ಹುಡುಗಿ ಬಾಳು, ಅಮ್ಮೀಜಾನ್..."

"ಹುಡುಗಿ ನಮ್ಮೋಳೇ, ಆಯ್ತು. ಯಾರಿಗೂ ಹೇಳಲ್ಲ."

ಅನ್ವರ್ ಬೇಗಂ ಉಸಿರು ಬಿಟ್ಟಳು. ಸ್ವಲ್ಪ ಬೇಗ ಬಿಟ್ಟಳು.

"ನಿಕಾಹ್ ಆದ್ಮೇಲೆ ಹೊಸಕೋಟೆಗೆ ಬರ್ತಾ ಇರು. ಬೀಗಿತ್ತಿ ಮನೆಗೆ ಬಂದ್ರೆ ಯಾರೇನಂತಾರೆ? ಯಜಮಾನರು ಹೋದ್ರು, ಪರದೇನೂ ಬಿಚ್ಚಿಸ್ಬಿಟ್ಟೆ. ಈಗ ನಾನು ಮುಂದೆ ಕೂತು ನೋಡ್ಬೇಕು."

"ಅದನ್ನ ಬಿಟ್ಬಿಟ್ಟಿದೀನಿ, ಅಮ್ಮೀಜಾನ್."

"ಗೊತ್ತು ಮಗಳೇ. ನೀನು ಬಿಡದೇ ಇದ್ದಿದ್ರೆ ದುಡ್ಡು ಕೊಟ್ಟು ಕರೆಸ್ತಿದ್ದೆ."

ಕೋಣೆಯಿಂದ ಜುಬೇದಾಳ ನಗು ಕೇಳಿಸಿತು. ಅನ್ವರ್ ಬೇಗಂ ಬಾಗಿಲ ಕಡೆ ತಿರುಗಿದಳು.

"ಹಂಗಲ್ಲ," ಎಂದರು ಅಖ್ತರ್ ಬೇಗಂ, ಮಣೆ ಎಳೆದು ಕೂರುತ್ತ. "ಆಗ್ಲೇ ಹೋದೆಯಲ್ಲ, ಹಂಗೆ."

ಆಕೆ ಮತ್ತೆ ಇತ್ತ ತಿರುಗಿ, ಹಣೆಗೆ ಕೈಯೊಯ್ದು ಸಲಾಂ ಮಾಡಿ, ಹಿಂದಕ್ಕೆ ನಡೆದಳು. ಕತ್ತಲಲ್ಲೂ ಓಡಾಡಬಲ್ಲ ತನ್ನದೇ ಅಡುಗೆಮನೆ. ಆದರೂ ಈ ಸಲ ಹಿಮ್ಮಡಿ ಹೊಸ್ತಿಲಿಗೆ ಬಡಿಯಿತು.